ಬಿಡದ ಬ್ರೇಕು

ನಮ್ಮವರ ಹೆಸರು ಚಿನ್ನಯ್ಯ. ಅವರಿದ್ದಾಗ ಆ ಹೆಸರನ್ನು ನಾನು ಬಾಯಿಯಿಂದ ಹೇಳಿದವಳಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ ಎಂದುಕೊಂಡಿದ್ದೇನೆ. ಮೂಡುಬಿದಿರೆಯಿಂದ ಹೊರಟು ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ ದಾರಿಯಾಗಿ ಚಾರ್ಮಾಡಿಗೆ ಹೋಗಿ, ಅದೇ ದಾರಿಯಲ್ಲಿ ಹಿಂದೆ ಬರುತ್ತಿದ್ದ ಬಸ್ಸಿಗೆ ಅವರು ಡ್ರೈವರ್ ಆಗಿದ್ದರು.

ಆ ಕಾಲದಲ್ಲಿ ಡ್ರೈವರ್ ಎಂದರೆ ಒಂದು ಗತ್ತು ಇತ್ತು. ಹೋಟೆಲಿನಲ್ಲಿ ಕೇಳುವ ಮೊದಲೇ ಚಾ ಬರುತ್ತಿತ್ತು. ಮದುವೆ ಮನೆಗಳಲ್ಲಿ ಕುರ್ಚಿ ಕೊಡುತ್ತಿದ್ದರು. ಇವರಿಗೆ ಆ ಗತ್ತು ಬರಲೇ ಇಲ್ಲ. ಖಾಕಿ ಅಂಗಿ, ಖಾಕಿ ಚಡ್ಡಿ, ಬರಿಗಾಲು. ಚಪ್ಪಲಿ ಹಾಕಿಕೊಂಡು ಬಸ್ಸು ಓಡಿಸಿದವರೇ ಅಲ್ಲ. ಒಂದು ಜೊತೆ ಚಪ್ಪಲಿ ತೆಗೆದುಕೊಳ್ಳಿ ಎಂದು ನಾನು ಹೇಳಿದರೆ, "ಚಪ್ಪಲಿ ಹಾಕಿದರೆ ಗಾಡಿ ಎಂತ ಹೇಳ್ತದೆ ಅಂತ ಕಾಲಿಗೆ ಗೊತ್ತಾಗುವುದಿಲ್ಲ" ಎನ್ನುತ್ತಿದ್ದರು.

ಆ ಕಾಲಿನದೇ ಒಂದು ಕಷ್ಟ. ಸಣ್ಣ ಪ್ರಾಯದಲ್ಲಿ ಚಳಿಜ್ವರ ಬಂದು ಹೋದ ಮೇಲೆ ಅವರ ಬಲಗಾಲು ಆಗಾಗ ಬಾತುಕೊಳ್ಳುತ್ತಿತ್ತು. ಆನೆಕಾಲು ಎನ್ನುವಷ್ಟಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ಹೆಚ್ಚು, ಮತ್ತೆ ಇಳಿಯುತ್ತಿತ್ತು. ಸಂಜೆ ಮನೆಗೆ ಬಂದ ಕೂಡಲೇ ಬೋಗುಣಿಯಲ್ಲಿ ಬಿಸಿನೀರು, ಒಂದು ಹಿಡಿ ಉಪ್ಪು. ಅವರು ಜಗಲಿಯ ಅಂಚಿನಲ್ಲಿ ಕಾಲು ನೀರಿಗೆ ಇಳಿಸಿ ಕೂರುತ್ತಿದ್ದರು, ನಾನು ಪಕ್ಕದಲ್ಲಿ ಬೀಡಿ ಕಟ್ಟುತ್ತಿದ್ದೆ. ಹೆಚ್ಚು ಮಾತಿರಲಿಲ್ಲ. ಇಡೀ ದಿನ ಇಂಜಿನಿನ ಸದ್ದು ಕೇಳಿ ಬಂದವರಿಗೆ ಮತ್ತೆ ನನ್ನ ಮಾತೂ ಯಾಕೆ ಎಂದು ನಾನೂ ಸುಮ್ಮನಿರುತ್ತಿದ್ದೆ.

ಬಸ್ಸು ಭೋಜ ಶೆಟ್ಟರದು. ನಾವೆಲ್ಲ ಅವರನ್ನು ಧಣಿಗಳು ಎನ್ನುತ್ತಿದ್ದೆವು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಲಾರಿಯೊಂದನ್ನು ತಂದು, ಅದರ ಮೇಲೆ ಮರದ ಬಾಡಿ ಕಟ್ಟಿಸಿ ಬಸ್ಸು ಮಾಡಿಸಿದ್ದರು. ಜನರು ಅದಕ್ಕೆ ಅಜ್ಜಿ ಬಸ್ಸು ಎಂದು ಹೆಸರಿಟ್ಟಿದ್ದರು. ಧಣಿಗಳು ಕೆಟ್ಟವರಲ್ಲ. ಮಾತು ಕಡಿಮೆ, ಭಯ ಹೆಚ್ಚು. ಅವರಿಗೊಂದು ಅಭ್ಯಾಸ ಇತ್ತು. ಕೈಗೆ ಏನು ಕೊಟ್ಟರೂ ಮೊದಲು ಮೂಗಿಗೆ ಹಿಡಿಯುತ್ತಿದ್ದರು. ಅಡಿಕೆಯಾದರೂ ಅಷ್ಟೆ, ಹೊಗೆಸೊಪ್ಪಾದರೂ ಅಷ್ಟೆ, ಗೇಣಿಯ ಅಕ್ಕಿಯಾದರೂ ಅಷ್ಟೆ. "ಟಿಕೇಟಿನ ದುಡ್ಡನ್ನೂ ಮೂಸ್ತಾರೆ ಜಲಜಕ್ಕ, ಯಾರ ಬೆವರು ಅಂತ ನೋಡ್ಲಿಕ್ಕೆ" ಎಂದು ಕಂಡಕ್ಟರ್ ಸಂಕಪ್ಪ ನನ್ನ ಹತ್ತಿರ ತಮಾಷೆ ಮಾಡುತ್ತಿದ್ದ.

ನಾನು ಹೇಳುವುದು ಐವತ್ತೆಂಟನೆಯ ಇಸವಿಯ ಸಂಗತಿ. ಆ ಮಳೆಗಾಲದಲ್ಲಿ ಘಟ್ಟದ ದಾರಿಯಲ್ಲಿ ಬೇರೆ ಯಾರದೋ ಲಾರಿ ಬ್ರೇಕು ಹಿಡಿಯದೆ ಕೆಳಗೆ ಹೋಗಿತ್ತು. ನಮ್ಮ ಬಸ್ಸು ಘಟ್ಟ ಹತ್ತುವುದೇ ಇಲ್ಲ, ಬುಡದಲ್ಲಿಯೇ ತಿರುಗುತ್ತದೆ. ಆದರೂ ಧಣಿಗಳಿಗೆ ನಿದ್ದೆ ಹೋಯಿತು. ಮಳೆ ಬಿಟ್ಟ ಕೂಡಲೇ ಬಸ್ಸನ್ನು ಬಂಟ್ವಾಳಕ್ಕೆ ಕಳುಹಿಸಿದರು. ಅಲ್ಲಿ ಹೊಳೆಯ ಬದಿಯಲ್ಲಿ ಮೂಸಬ್ಬನವರ ವರ್ಕ್‌ಶಾಪು ಇತ್ತು. ಮೂಸಬ್ಬ ಬ್ಯಾರಿಗಳು, ನಮ್ಮ ಕಡೆಯ ಮುಸಲ್ಮಾನರು, ನಮ್ಮವರಿಗಿಂತ ಸ್ವಲ್ಪ ಹಿರಿಯರು. ಇಬ್ಬರೂ ಇದ್ದಿಲು ಗ್ಯಾಸಿನ ಬಸ್ಸುಗಳ ಕಾಲದಲ್ಲಿ ಒಟ್ಟಿಗೆ ಕ್ಲೀನರುಗಳಾಗಿದ್ದವರು. ಮೂಸಬ್ಬ ನಾಲ್ಕು ಚಕ್ರಗಳಿಗೂ ಹೊಸ ಬ್ರೇಕ್ ಲೈನಿಂಗ್ ಹಾಕಿ, ಎಣ್ಣೆ ಬದಲಿಸಿ ಕಳುಹಿಸಿಕೊಟ್ಟರು.

ಆಮೇಲೆ ಆಯುಧ ಪೂಜೆ ಬಂತು. ಪ್ರತಿ ವರ್ಷ ಬಸ್ಸಿನ ಸ್ಟೇರಿಂಗಿಗೆ, ದೀಪಗಳಿಗೆ, ಇಂಜಿನಿಗೆ ಧಣಿಗಳೇ ಗಂಧ ಹಚ್ಚಿ ಹೂವು ಇಡುವುದು ಕ್ರಮ. ಆ ವರ್ಷ ಅವರು ಕೈಯಲ್ಲಿ ಗಂಧದ ಬಟ್ಟಲು ಹಿಡಿದುಕೊಂಡು, "ಚಿನ್ನಯ್ಯ, ಇದರಲ್ಲಿ ಬ್ರೇಕು ಇರುವುದೆಲ್ಲಿ?" ಎಂದು ಕೇಳಿದರು.

ಇವರು ಡ್ರೈವರ್ ಸೀಟಿನ ಮುಂದೆ ಕಾಲಡಿಯ ಹಲಗೆ ಎತ್ತಿ ತೋರಿಸಿದರು. ಅಲ್ಲಿ ಮುಚ್ಚಳ ಇದ್ದ ಒಂದು ಕಬ್ಬಿಣದ ಕುಡಿಕೆ. "ಇದರಲ್ಲಿ ಎಣ್ಣೆ ಇರ್ತದೆ ಧಣಿ. ಕಾಲು ಒತ್ತಿದರೆ ಎಣ್ಣೆ ನಾಲ್ಕು ಚಕ್ರಕ್ಕೂ ಹೋಗಿ ಬ್ರೇಕು ಹಿಡೀತದೆ. ಕಾಲು ತೆಗೆದರೆ ಎಣ್ಣೆ ಹಿಂದೆ ಬರ್ತದೆ, ಬ್ರೇಕು ಬಿಡ್ತದೆ."

"ಹಾಗಾದರೆ ಜೀವ ಇರುವುದು ಇದರಲ್ಲಿ" ಎಂದು ಧಣಿಗಳು ತಮ್ಮ ದೊಡ್ಡ ಹೊಟ್ಟೆಯನ್ನು ಸಂಭಾಳಿಸಿಕೊಂಡು ಬಗ್ಗಿ, ಆ ಕುಡಿಕೆಗೆ ಮೊದಲು ಗಂಧ ಹಚ್ಚಿದರು. ಕುಂಕುಮ ಇಟ್ಟು ಒಂದು ಕೇಪುಳ ಹೂವನ್ನೂ ಇಟ್ಟರು. ಕೈ ಧಾರಾಳ. ನಾವು ಹೆಂಗಸರು ಅವಲಕ್ಕಿ ಹಂಚುತ್ತಾ ಅಲ್ಲಿಯೇ ನಿಂತಿದ್ದೆವು. ಚಂದ ಕಂಡಿತು.

ದೀಪಾವಳಿ ಕಳೆದ ಮೇಲೆ ಬಸ್ಸು ಹಠ ಹಿಡಿಯತೊಡಗಿತು. ಬೆಳಿಗ್ಗೆ ಸರಿಯಾಗಿ ಹೊರಡುತ್ತಿತ್ತು. ಬೆಳ್ತಂಗಡಿ ದಾಟುವ ಹೊತ್ತಿಗೆ ಭಾರವಾಗುತ್ತಿತ್ತು. ಪೆಟ್ರೋಲು ಎಷ್ಟು ಕೊಟ್ಟರೂ ಯಾರೋ ಹಿಂದಿನಿಂದ ಜಗ್ಗಿ ಹಿಡಿದ ಹಾಗೆ. ಚಕ್ರಗಳ ಹತ್ತಿರ ಸುಟ್ಟ ವಾಸನೆ. ಕೆಲವು ಸಲ ಏರಿನಲ್ಲಿ ನಿಂತೇ ಬಿಡುತ್ತಿತ್ತು. ಜನ ಇಳಿದು ನೂಕಿದರೂ ಅಲ್ಲಾಡುತ್ತಿರಲಿಲ್ಲ. ಮರದ ನೆರಳಿನಲ್ಲಿ ಬೀಡಿ ಸೇದಿ, ಎಲೆಯಡಿಕೆ ಹಾಕಿ ಕಾದರೆ ತಾನಾಗಿಯೇ ಸಡಿಲವಾಗುತ್ತಿತ್ತು. ಬ್ರೇಕು ಹಿಡಿಯುವುದಿಲ್ಲ ಎಂಬ ದೂರು ಎಲ್ಲರಿಗೂ ಗೊತ್ತಿದ್ದದ್ದು. ಇದು ಬೇರೆ. ಹಿಡಿದ ಬ್ರೇಕು ಬಿಡುತ್ತಿರಲಿಲ್ಲ.

ಇವರು ಬಸ್ಸನ್ನು ಪುನಃ ಬಂಟ್ವಾಳಕ್ಕೆ ತೆಗೆದುಕೊಂಡು ಹೋದರು. ಸಂಜೆ ಬಿಟ್ಟರೆ ಮೂಸಬ್ಬ ಮರುದಿನ ಬೆಳಿಗ್ಗೆ ನೋಡುವುದು. ಅವರ ಕ್ರಮ ಏನೆಂದರೆ, ಬ್ರೇಕಿನ ದೂರು ಬಂದರೆ ಮೊದಲು ಹಲಗೆ ಎತ್ತಿ, ಕುಡಿಕೆಯ ಮುಚ್ಚಳ ತೆಗೆದು ಎಣ್ಣೆ ನೋಡುವುದು. ಎಣ್ಣೆ ನೋಡದೆ ಚಕ್ರ ಮುಟ್ಟುತ್ತಿರಲಿಲ್ಲ. ಎಣ್ಣೆ ಸರಿ ಇತ್ತು. ಆಮೇಲೆ ಜಾಕಿ ಕೊಟ್ಟು ಚಕ್ರ ಎತ್ತಿ ಕೈಯಿಂದ ತಿರುಗಿಸಿದರು.

"ಎಂತ ಮಾರಾಯ, ಮಕ್ಕಳ ಗಿರಿಗಿಟಿಯ ಹಾಗೆ ತಿರುಗ್ತದೆ. ಬಿಡುವುದಿಲ್ಲ ಅಂತ ಹೇಳ್ತೀಯಲ್ಲ?"

"ಇಲ್ಲಿ ಬಿಡ್ತದೆ ಮೂಸಬ್ಬ. ಅಲ್ಲಿ ಬಿಡುವುದಿಲ್ಲ."

"ನನ್ನನ್ನು ಕಂಡರೆ ಹೆದರ್ತದಾ ಹಾಗಾದರೆ?"

ಹೊಸ ಲೈನಿಂಗ್ ದಪ್ಪ ಇರಬಹುದು ಎಂದು ಅರ ಹಾಕಿ ತೆಳ್ಳಗೆ ಮಾಡಿ ಕೊಟ್ಟರು. ಸ್ವಲ್ಪ ದಿನ ಕಳೆದು ಮತ್ತೆ ಅದೇ. ಇನ್ನೊಮ್ಮೆ ಬಂಟ್ವಾಳಕ್ಕೆ ಹೋಯಿತು. ಮತ್ತೆ ಮುಚ್ಚಳ, ಮತ್ತೆ ಎಣ್ಣೆ, ಮತ್ತೆ ಗಿರಿಗಿಟಿ. ಇವರು ಬಸ್ಸು ತಂದು ಶೆಡ್ಡಿನಲ್ಲಿ ನಿಲ್ಲಿಸಿ ಮನೆಗೆ ಬಂದು, ಕಾಲು ನೀರಿಗೆ ಇಳಿಸಿ, ಕಣ್ಣು ಮುಚ್ಚಿ ಕೂತರು. ಕೇಳಿದ್ದಕ್ಕೆ "ಏನೂ ಸಿಗಲಿಲ್ಲ" ಎಂದರು, ಅಷ್ಟೆ.

ಧಣಿಗಳು ಅಂದ ಮಾತನ್ನು ಇವರು ನನಗೆ ಹೇಳಲಿಲ್ಲ. ಸಂಕಪ್ಪ ಹೇಳಿದ.

ಧಣಿಗಳು ಶೆಡ್ಡಿನ ಬೆಂಚಿನ ಮೇಲೆ ಕೂತು ಕೇಳಿದರಂತೆ, "ಬಿಡುವುದಿಲ್ಲ, ಬಿಡುವುದಿಲ್ಲ ಅಂತ ಹೇಳ್ತೀ. ಯಾವುದು ಬಿಡುವುದಿಲ್ಲ ಚಿನ್ನಯ್ಯ? ಬ್ರೇಕಾ, ನಿನ್ನ ಕಾಲಾ?"

"ಅದೇ ಕಾಲು ಪೆಟ್ರೋಲಿಗೂ ಬೇಕು ಧಣಿ, ಬ್ರೇಕಿಗೂ ಬೇಕು. ಎರಡನ್ನೂ ಒಟ್ಟಿಗೆ ಒತ್ತಲಿಕ್ಕೆ ನನಗೆ ಮೂರನೇ ಕಾಲುಂಟಾ?"

"ಇಳಿಜಾರಿಗೆ ಪೆಟ್ರೋಲು ಬೇಡವಲ್ಲ. ಇಳಿಯುವಾಗ ಕಾಲು ಬ್ರೇಕಿನ ಮೇಲೆಯೇ ಬಿಡ್ತೀ. ಬಾತ ಕಾಲು, ಎತ್ತಿದ್ದೇನೆ ಅಂತ ನೀನು ಎಣಿಸ್ತೀ, ಅದು ಅಲ್ಲಿಯೇ ಇರ್ತದೆ. ಬ್ರೇಕು ತಾಗ್ತಾ ತಾಗ್ತಾ ಬಿಸಿಯಾಗಿ ಹಿಡೀತದೆ."

ಬ್ರೇಕಿನ ಮೇಲೆ ಕಾಲಿಟ್ಟು ಓಡಿಸುವವನು ಎಂದರೆ ಡ್ರೈವರುಗಳ ನಡುವೆ ಬಹಳ ಕೀಳು ಮಾತು.

ಅಂದು ಸಂಜೆ ಅವರು ಬಿಸಿನೀರು ಕೇಳಲಿಲ್ಲ. ಜಗಲಿಯಲ್ಲಿ ಕೂತು, "ಇಲ್ಲಿ ಬಾ. ಅಂಗೈ ನೆಲಕ್ಕೆ ಇಡು" ಎಂದರು. ಎಲೆಯ ಮೊರ ಬದಿಗಿಟ್ಟು ಇಟ್ಟೆ. ಬಲಗಾಲನ್ನು ನನ್ನ ಅಂಗೈಯ ಮೇಲಿಟ್ಟು ಕಣ್ಣು ಮುಚ್ಚಿಕೊಂಡರು.

"ನಾನು ಎತ್ತಿದೆ ಅಂತ ಹೇಳುವಾಗ ಎತ್ತಿದ್ದೇನಾ ಇಲ್ಲವಾ ಅಂತ ನೋಡಿ ಹೇಳು."

"ಎತ್ತಿದೆ" ಎಂದರು. ಕಾಲು ಎದ್ದಿತ್ತು. "ಇಟ್ಟೆ" ಎಂದರು. ಇಟ್ಟಿದ್ದರು. ಹಾಗೆ ಕೆಲವು ಸಲ ಸರಿಯೇ ಬಂತು. ಮತ್ತೊಮ್ಮೆ "ಎತ್ತಿದೆ" ಎಂದಾಗ ಹಿಮ್ಮಡಿ ಎದ್ದಿತ್ತು, ಬೆರಳುಗಳು ನನ್ನ ಕೈಗೆ ತಾಗಿಯೇ ಇದ್ದವು.

"ತಾಗ್ತದೆ" ಎಂದೆ.

"ತಾಗ್ತದಾ?"

"ಸ್ವಲ್ಪ."

ಅವರು ಕಣ್ಣು ತೆರೆದು ಕಾಲನ್ನು ನೋಡಿದರು. ಯಾರದೋ ಕಾಲನ್ನು ನೋಡುವ ಹಾಗೆ ನೋಡಿದರು. ನನಗೂ ಅಲ್ಲಿಂದ ಸಂಶಯ ಹುಟ್ಟಿತು. ಧಣಿಗಳು ಹೇಳಿದ್ದೇ ನಿಜವಾದರೆ ಇವರು ಇನ್ನು ಬಸ್ಸು ಹತ್ತುವ ಹಾಗಿಲ್ಲ. ಬೇರೆ ಕೆಲಸ ಇವರು ಕಲಿತವರೂ ಅಲ್ಲ.

ಅದಾಗಿ ಒಂದು ವಾರದೊಳಗೆ, ಹಿಂದೆ ಬರುವಾಗ, ವೇಣೂರು ಕಳೆದ ಮೇಲಿನ ಇಳಿಜಾರಿನಲ್ಲಿ ಬಸ್ಸು ದಾರಿ ಬದಿಯ ಮಣ್ಣಿನ ಗೋಡೆಗೆ, ದರೆಗೆ, ಹೋಗಿ ನಿಂತಿತು. ಬ್ರೇಕು ಕಾಯುತ್ತಾ ಕಾಯುತ್ತಾ ಒಳಗಿನ ಎಣ್ಣೆ ಕುದಿದು, ಒತ್ತಿದರೆ ಕಾಲು ನೆಲದವರೆಗೆ ಇಳಿಯಿತಂತೆ, ಚಕ್ರ ಮಾತ್ರ ನಿಲ್ಲಲಿಲ್ಲ. ಬಿಡದ ಬ್ರೇಕು ಕಡೆಗೆ ಹಿಡಿಯದ ಬ್ರೇಕೂ ಆಯಿತು. ಇವರು ಗೇರು ಇಳಿಸಿ, ಬಸ್ಸಿನ ಬದಿಯನ್ನು ಮಣ್ಣಿನ ದರೆಗೆ ಉಜ್ಜಿಸಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಮೀನು ಮಾರುವ ಹೆಂಗಸೊಬ್ಬಳ ಬುಟ್ಟಿ ಮಗುಚಿತು. "ಅಜ್ಜಿಗೆ ಆಸೆಯಾಗಿದ್ದರೆ ಬಾಯಿಬಿಟ್ಟು ಕೇಳಬಹುದಿತ್ತು ಡ್ರೈವರೇ, ಎರಡು ಬಂಗುಡೆ ಕೊಡ್ತಿದ್ದೆ" ಎಂದು ಅವಳು ಮಣ್ಣಾದ ಮೀನು ಹೆಕ್ಕಿದಳಂತೆ. ಸಂಕಪ್ಪ ಇದನ್ನು ನಗುತ್ತಾ ಹೇಳಿದ. ಇವರು ನಗಲಿಲ್ಲ.

ಬಸ್ಸಿಗೆ ಎಣ್ಣೆ ಹೊಸತು ಹಾಕಿಸಿ, ಧಣಿಗಳು ಒಂದು ತೀರ್ಮಾನ ಹೇಳಿದರು. ಮೂಸಬ್ಬ ಬಂದು ಒಂದು ಟ್ರಿಪ್ಪು ಬಸ್ಸಿನಲ್ಲಿ ಕೂರಬೇಕು, ದಾರಿಯುದ್ದಕ್ಕೂ ಚಿನ್ನಯ್ಯನ ಕಾಲನ್ನು ನೋಡಬೇಕು. ಕಾಲು ಬ್ರೇಕಿನ ಮೇಲೆ ಉಳಿಯುತ್ತದೆ ಎಂದಾದರೆ ಬೆಳ್ತಂಗಡಿಯ ಒಬ್ಬ ಲಾರಿ ಡ್ರೈವರನ್ನು ಮಾತಾಡಿಸಿ ಇಟ್ಟಾಗಿದೆ, ಮರುದಿನದಿಂದ ಅವನು.

ಆ ಟ್ರಿಪ್ಪಿನಲ್ಲಿ ನಾನೂ ಇದ್ದೆ. ನನ್ನ ಅಣ್ಣ ನೆರಿಯದಲ್ಲಿದ್ದ. ಚಾರ್ಮಾಡಿಗಿಂತ ಮೊದಲು ಕಕ್ಕಿಂಜೆಯಲ್ಲಿ ಇಳಿದರೆ ಅಲ್ಲಿಂದ ನಡೆದು ಹೋಗಬೇಕು. ಅವನು ಕೆಲಸ ಮಾಡುವ ತೋಟದಲ್ಲಿ ಇವರಿಗೂ ಏನಾದರೂ, ಕಾವಲಿನ ಕೆಲಸವಾದರೂ ಸಿಗುತ್ತದೋ ಎಂದು ಕೇಳಿ ಬರುವುದು ನನ್ನ ಮನಸ್ಸಿನಲ್ಲಿತ್ತು. ಇವರಿಗೆ ಅಣ್ಣನನ್ನು ನೋಡಿ ಬರುತ್ತೇನೆ ಎಂದಷ್ಟೇ ಹೇಳಿದೆ. "ಹೋಗಿ ಬಾ" ಎಂದರು. ಯಾಕೆ ಎಂದು ಕೇಳಲಿಲ್ಲ.

ಮೂಸಬ್ಬ ತಲೆಗೆ ಬೈರಾಸು ಸುತ್ತಿಕೊಂಡು, ಡ್ರೈವರ್ ಸೀಟಿನ ಬದಿಯಲ್ಲಿ ನೆಲದ ಮೇಲೆ ಗೋಣಿ ಹಾಸಿ ಕೂತರು. ನಾನು ಅವರ ಹಿಂದಿನ ಸೀಟಿನಲ್ಲಿದ್ದೆ. ಬಸ್ಸು ಹೊರಟಿತು.

"ಸರಿಯಾಗಿ ಕಾಣ್ತದಾ?" ಎಂದು ಇವರೇ ಕೇಳಿದರು.

"ಕಾಣ್ತದೆ. ಉಗುರು ತೆಗೆಯದೆ ಎಷ್ಟು ಕಾಲ ಆಯ್ತು ಮಾರಾಯ?"

"ಧಣಿ ನೋಡ್ಲಿಕ್ಕೆ ಹೇಳಿದ್ದು ಕಾಲು. ಉಗುರಲ್ಲ."

"ಕಾಲು ನೋಡುವಾಗ ಉಗುರು ಬಿಟ್ಟು ನೋಡ್ಲಿಕ್ಕೆ ಆಗ್ತದಾ?"

ವೇಣೂರಿನಲ್ಲಿ ಹತ್ತಿದ ಮುದುಕರೊಬ್ಬರು ಬಾಯಿತುಂಬ ಎಲೆಯಡಿಕೆ ಇಟ್ಟುಕೊಂಡು, "ಎಂತ ಸಾಯ್ಬರೇ, ಕೆಳಗೆ ಕೂತದ್ದು? ಕಾಸು ಬಿತ್ತಾ?" ಎಂದರು.

"ಇಲ್ಲ. ಡ್ರೈವರ ಕಾಲಿಗೆ ಕಾವಲು. ಓಡಿ ಹೋಗ್ತದೆ ಅಂತ ಧಣಿಗಳಿಗೆ ಹೆದರಿಕೆ."

ಬಸ್ಸಿನಲ್ಲಿದ್ದವರು ನಕ್ಕರು. ಇವರ ಕಿವಿ ಕೆಂಪಾದದ್ದು ನನಗೆ ಹಿಂದಿನಿಂದ ಕಂಡಿತು. ಮೂಸಬ್ಬನವರಿಗೂ ಕಂಡಿರಬೇಕು. ಆಮೇಲೆ ಅವರು ತಮಾಷೆ ಮಾಡಲಿಲ್ಲ.

ಇಳಿಜಾರು ಬಂದಾಗಲೆಲ್ಲ ಇವರು ಸಣ್ಣ ಗೇರು ಹಾಕಿ, ಬೇಕಾದಷ್ಟೇ ಬ್ರೇಕು ಒತ್ತಿ, ಬಲಗಾಲನ್ನು ಎತ್ತಿ ಗಾಳಿಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಬದಿಗೆ ಇಡಬಹುದಿತ್ತು. ಇಟ್ಟರೆ ಎಲ್ಲಿಯಾದರೂ ತಾಗಿದ ಹಾಗೆ ಕಂಡೀತು ಎಂದು ಇಡಲಿಲ್ಲ. ಕಾಲು ನಡುಗುತ್ತಿತ್ತು.

"ಇಳಿಸು ಮಾರಾಯ. ನಾನು ನೋಡಿ ಆಯ್ತು" ಎಂದರು ಮೂಸಬ್ಬ.

"ಇರಲಿ. ನೋಡ್ತಾ ಇರು."

ಗುರುವಾಯನಕೆರೆ ದಾಟಿತು, ಬೆಳ್ತಂಗಡಿ ದಾಟಿತು. ಉಜಿರೆ ಕಳೆದು ಏರು ಶುರುವಾಗುವಲ್ಲಿ ನನಗೇ ಗೊತ್ತಾಯಿತು, ಬಸ್ಸು ಭಾರವಾಗುತ್ತಿದೆ ಎಂದು. ಸುಟ್ಟ ವಾಸನೆ ಬಂತು. ಇಂಜಿನು ನರಳಿತು. ಇವರು ಏರಿನ ನಡುವಿನಲ್ಲಿ ನಿಲ್ಲಿಸಿದರು. ನಿಲ್ಲಿಸಿದರು ಎಂದರೆ ತಪ್ಪಾಗುತ್ತದೆ, ಅದು ನಿಂತಿತು. ಜನರಿಗೆ ಅಭ್ಯಾಸವಾಗಿತ್ತು. ಯಾರೂ ಹೇಳದೆಯೇ ಇಳಿದರು. ಆ ಬಸ್ಸಿಗೆ ಕೈಬ್ರೇಕು ಹೆಸರಿಗೆ ಮಾತ್ರ, ಏರಿನಲ್ಲಿ ನಿಂತರೆ ಚಕ್ರದ ಹಿಂದೆ ಕಲ್ಲು ಇಡಬೇಕು. ಆದರೆ ಹೀಗೆ ಹಿಡಿದುಕೊಂಡು ನಿಂತಾಗ ಕಲ್ಲೂ ಬೇಕಾಗುತ್ತಿರಲಿಲ್ಲ. ನೆಟ್ಟ ಹಾಗೆ ನಿಂತಿತ್ತು.

ಇವರು ಸೀಟಿನಲ್ಲಿಯೇ ಕೂತಿದ್ದರು. ಎರಡು ಕಾಲನ್ನೂ ಮಡಚಿ ಸೀಟಿನ ಮೇಲಿಟ್ಟುಕೊಂಡು, ಸ್ಟೇರಿಂಗಿಗೆ ಹಣೆ ಊರಿದ್ದರು.

ಮೂಸಬ್ಬ ಇಳಿದು, ದಾರಿ ಬದಿಯ ತೋಡಿನಲ್ಲಿ ಬೈರಾಸನ್ನು ಒದ್ದೆ ಮಾಡಿ ತಂದು, ಒಂದೊಂದು ಚಕ್ರದ ನಡುವಿನ ಗುಂಬಕ್ಕೂ ನೀರು ಹಿಂಡಿದರು. ನಾಲ್ಕರಲ್ಲಿಯೂ ಚುರ್ ಎಂದು ಆವಿಯೆದ್ದಿತು. ಎರಡು ಸುತ್ತು ಬಂದು ಇವರ ಬಾಗಿಲ ಬಳಿ ನಿಂತರು.

"ಒಂದು ಚಕ್ರ ಕಾದರೆ ಆ ಚಕ್ರದ ಲೈನಿಂಗಿನ ದೋಷ, ನನ್ನ ಕೈಯ ದೋಷ ಅಂತ ಹೇಳಬಹುದು. ನಾಲ್ಕೂ ಒಂದೇ ಸಮ ಕಾದಿದೆ."

"ಹಾಗಾದರೆ?" ಇವರು ಹಣೆ ಎತ್ತಲಿಲ್ಲ.

"ಹಾಗಾದರೆ ನಾಲ್ಕಕ್ಕೂ ತಾಯಿ ಒಂದೇ. ಒಂದಾ ನಿನ್ನ ಕಾಲು, ಇಲ್ಲದಿದ್ದರೆ ಆ ಕುಡಿಕೆ. ಕಾಲನ್ನು ಮೂಡುಬಿದಿರೆಯಿಂದ ನೋಡ್ತಾ ಬಂದಿದ್ದೇನೆ. ಕಾಲಲ್ಲ."

ಇವರು ಆಗ ತಲೆ ಎತ್ತಿದರು. "ಪುನಃ ಹೇಳು."

"ಕಾಲಲ್ಲ ಮಾರಾಯ."

ಮೂಸಬ್ಬ ಒಳಗೆ ಹತ್ತಿ ಹಲಗೆ ಎತ್ತಿದರು. ಬೋಲ್ಟು ಬಿಚ್ಚುವ ಪಾನ ಹಾಕಿ ಕುಡಿಕೆಯ ಮುಚ್ಚಳ ತಿರುಗಿಸಿದರು. ನಾನು ಬಾಗಿಲಿನಲ್ಲಿ ನಿಂತಿದ್ದೆ, ನನ್ನ ಕಿವಿಗೂ ಕೇಳಿತು. ಕಡುಬು ಬೇಯಿಸುವ ಪಾತ್ರೆಯ ಮುಚ್ಚಳ ಎತ್ತಿದಾಗ ಬರುವಂತೆ ಸುಯ್ ಎಂದು ಒಂದು ಉಸಿರು. ಅದರೊಂದಿಗೇ ಬಸ್ಸು ಹಿಂದಕ್ಕೆ ಜಾರಿತು.

ಇವರ ಮಡಚಿದ ಕಾಲು ಯಾವಾಗ ಇಳಿಯಿತೋ ನನಗೆ ಕಾಣಲಿಲ್ಲ. ಬ್ರೇಕು ಒತ್ತಿದರು, ಹಿಡಿಯಿತು. ಬಸ್ಸು ಒಂದು ಮಾರು ಹೋಗಿ ನಿಂತಿತು. ಹಿಂದೆ ನಿಂತಿದ್ದವರು ಎರಡು ಬದಿಗೂ ಸರಿದರು. ಸಂಕಪ್ಪ ಓಡಿ ಬಂದು ಕಲ್ಲು ಇಟ್ಟ.

"ಬಿಟ್ಟಿತು" ಎಂದರು ಇವರು, ಬಹಳ ಮೆಲ್ಲಗೆ.

ಮೂಸಬ್ಬ ಮುಚ್ಚಳವನ್ನು ಅಂಗೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದರು. "ಬಂಟ್ವಾಳದಲ್ಲಿ ಇದನ್ನು ಪ್ರತಿ ಸಲ ನಾನೇ ತೆಗೆದದ್ದು. ಒಂದು ದಿನ ಹೀಗೆ ಉಸಿರು ಬಿಡಲಿಲ್ಲ."

"ಅಲ್ಲಿ ತಣ್ಣಗಿತ್ತು. ಬೆಳಿಗ್ಗೆ."

"ಹೌದು. ತಣ್ಣಗಿದ್ದಾಗ ತೆಗೆದು ನೋಡಿ, ಎಣ್ಣೆ ಸರಿ ಉಂಟು ಅಂತ ಮುಚ್ಚಿ ಕಳಿಸಿದ್ದೇನೆ." ಅವರು ಮುಚ್ಚಳವನ್ನು ಬೆಳಕಿಗೆ ಹಿಡಿದರು. "ಇದರ ನಡುವೆ ಒಂದು ತೂತು ಇರಬೇಕು ಜಲಜಕ್ಕ, ಸಾಸಿವೆಗಿಂತ ಸಣ್ಣದು. ಬಿಸಿಗೆ ಎಣ್ಣೆ ಉಬ್ಬಿದರೆ ಒಳಗಿನ ಗಾಳಿ ಅದರಲ್ಲಿ ಹೊರಗೆ ಹೋಗ್ಲಿಕ್ಕೆ. ಅದು ಕಟ್ಟಿದರೆ ಗಾಳಿಗೆ ದಾರಿ ಇಲ್ಲ. ಅದು ಎಣ್ಣೆಯನ್ನು ಒತ್ತುತ್ತದೆ, ಎಣ್ಣೆ ಚಕ್ರಕ್ಕೆ ಹೋಗ್ತದೆ. ಯಾರೂ ಒತ್ತದೆ ಬ್ರೇಕು ಹಿಡೀತದೆ."

ನನಗೆ ಅರ್ಥವಾಯಿತು. ಚಿಮಿಣಿ ಎಣ್ಣೆಯ ಡಬ್ಬಿಗೆ ಒಂದೇ ತೂತು ಮಾಡಿದರೆ ಎಣ್ಣೆ ಬೀಳುವುದಿಲ್ಲ, ಗಾಳಿಗೆ ಇನ್ನೊಂದು ಬೇಕು. ಇದೂ ಅದರ ಹಾಗೆಯೇ.

"ಸೂಜಿ ಉಂಟಾ?" ಎಂದು ಕೇಳಿದರು. ನಾನು ಸೆರಗಿನ ಪಿನ್ನು ತೆಗೆದು ಕೊಟ್ಟೆ. ಅವರು ತೂತಿನ ಜಾಗ ಹುಡುಕಿ ಮೆಲ್ಲಗೆ ಕುತ್ತಿದರು. ಒಣಗಿ ಗಟ್ಟಿಯಾದ ಒಂದು ಹರಳಿನಂಥದು ಬಂತು, ಧೂಳು ಹಿಡಿದು ಕಪ್ಪಗಾಗಿತ್ತು. ಮುಚ್ಚಳ ಬಿಸಿಯಾಗಿತ್ತಲ್ಲ, ಅದನ್ನು ಬೆರಳಿನಲ್ಲಿ ಉಜ್ಜಿದಾಗ ವಾಸನೆ ಎದ್ದಿತು. ಪೆಟ್ರೋಲು, ಸುಟ್ಟ ರಬ್ಬರು, ಎಲ್ಲದರ ನಡುವೆ ಗಂಧ.

ಆಯುಧ ಪೂಜೆಯ ದಿನ ಧಣಿಗಳು ಬಗ್ಗಿದ್ದು ನನ್ನ ಕಣ್ಣ ಮುಂದೆ ಬಂತು. ಮೇಲಿನ ಗಂಧವನ್ನು ಸಂಕಪ್ಪ ಬಟ್ಟೆಯಲ್ಲಿ ಒರಸಿರಬೇಕು, ತೂತಿನೊಳಗೆ ಇಳಿದದ್ದು ಅಲ್ಲಿಯೇ ಉಳಿದಿತ್ತು.

"ಧಣಿಗಳ ಕೈಯದ್ದೇ" ಎಂದರು ಮೂಸಬ್ಬ.

"ಗಂಧ ಅಂತ ಹೇಳಬೇಡ" ಎಂದರು ಇವರು.

"ಯಾಕೆ? ನಿನ್ನನ್ನು ಇಳಿಸ್ಲಿಕ್ಕೆ ಹೊರಟವರು ಅವರು."

"ಗಂಧ ಅಂದರೆ ಅವರಿಗೆ ದೇವರು ಮುನಿದ ಲೆಕ್ಕ. ಜೋಯಿಸರ ಹತ್ತಿರ ಪ್ರಶ್ನೆ ಕೇಳ್ಲಿಕ್ಕೆ ಹೋಗ್ತಾರೆ. ಅದು ತೀರುವವರೆಗೆ ಬಸ್ಸು ಶೆಡ್ಡಿನಲ್ಲಿ. ಕೊಳೆ ಅಂತ ಹೇಳು, ಸಾಕು. ನನಗೆ ಸಾಕಾಗಿದೆ ಮೂಸಬ್ಬ."

"ಅದೂ ಸರಿಯೇ. ಪೂಜೆಯ ಗಂಧದಿಂದ ಬ್ರೇಕು ಹೋಯ್ತು ಅಂತ ನಾನು, ಬ್ಯಾರಿ, ಹೇಳಿದರೆ ಚಂದ ಇರುವುದಿಲ್ಲ."

ನನಗೆ ಇದು ಇಷ್ಟವಾಗಲಿಲ್ಲ. ಹೇಳಬೇಕು ಎಂದು ನನಗಿತ್ತು. ಇಬ್ಬರು ಗಂಡಸರು ತೀರ್ಮಾನಿಸಿದ ಮೇಲೆ ನಾನು ಬಾಯಿ ಹಾಕಲಿಲ್ಲ. ಜನ ಹತ್ತಿದರು, ಮುಚ್ಚಳ ಹಾಕಿದರು, ಬಸ್ಸು ಹೊರಟಿತು. ಕಕ್ಕಿಂಜೆಯಲ್ಲಿ ನಾನು ಇಳಿಯಲಿಲ್ಲ. ಇವರು ಕನ್ನಡಿಯಲ್ಲಿ ನೋಡಿ, "ಇಳಿಯುವುದಿಲ್ಲವಾ?" ಎಂದರು. "ಇನ್ನೊಮ್ಮೆ ಹೋಗ್ತೇನೆ" ಎಂದೆ. ಚಾರ್ಮಾಡಿಗೆ ಹೋಗಿ ಮೂಡುಬಿದಿರೆಗೆ ಬರುವವರೆಗೆ ಬಸ್ಸು ಎಲ್ಲಿಯೂ ಹಿಡಿಯಲಿಲ್ಲ. ಮೂಸಬ್ಬ ಗೋಣಿಯ ಮೇಲೆಯೇ ಕೂತು ತೂಕಡಿಸಿದರು. ಇವರು ಮಾತ್ರ ಇಳಿಜಾರಿನಲ್ಲಿ ಕಾಲು ಎತ್ತಿಯೇ ಹಿಡಿದಿದ್ದರು.

ಶೆಡ್ಡಿನ ಬೆಂಚಿನ ಮೇಲೆ ಧಣಿಗಳು ಕಾಯುತ್ತಿದ್ದರು. ನಾನು ಬಸ್ಸಿನ ಮರೆಯಲ್ಲಿ ನಿಂತೆ.

"ಕಾಲಲ್ಲ ಧಣಿ" ಎಂದರು ಮೂಸಬ್ಬ. "ಎಣ್ಣೆ ಕುಡಿಕೆಯ ಮುಚ್ಚಳದ ತೂತು ಕಟ್ಟಿತ್ತು. ತೆಗೆದೆ. ಇನ್ನು ತೊಂದರೆ ಇಲ್ಲ."

"ಯಾವುದರಿಂದ ಕಟ್ಟಿದ್ದು?"

ಮೂಸಬ್ಬ ಇವರ ಮುಖ ನೋಡಿದರು. ಇವರು ಹೇಳಿದರು, "ಕೊಳೆ ಧಣಿ."

ಧಣಿಗಳು ಬಿಡಲಿಲ್ಲ. "ಕೊಳೆಯಾ? ಹಾಗಾದರೆ ಅದನ್ನು ಒರಸಿ ಇಡಬೇಕಾದದ್ದು ಡ್ರೈವರೇ ಅಲ್ಲವಾ? ಕಾಲಲ್ಲ, ಸರಿ. ಕೈಯ ಉದಾಸೀನವೇ ಆಯ್ತಲ್ಲ. ಇಷ್ಟು ಜನರ ಜೀವ ಕೂರಿಸಿಕೊಂಡು ಹೋಗುವವನು ಒಂದು ಮುಚ್ಚಳ ನೋಡಿಕೊಳ್ಳುವುದಿಲ್ಲ ಎಂದರೆ ಹೇಗೆ?"

"ಹೌದು ಧಣಿ" ಎಂದರು ಇವರು.

ತಲೆ ಕೆಳಗೆ ಹಾಕಿ ನಿಂತರು. ಲಾರಿ ಡ್ರೈವರ ಮಾತು ಈಗ ಬರುತ್ತದೆ ಎಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಮೂಸಬ್ಬ ಬಸ್ಸಿನೊಳಗೆ ಹೋಗಿ, ಹಲಗೆ ಎತ್ತಿ, ಮುಚ್ಚಳ ಬಿಚ್ಚಿ ತಂದರು. ನನ್ನ ಪಿನ್ನು ಅವರ ಅಂಗಿಯ ಜೇಬಿನ ಮೇಲೆ ಚುಚ್ಚಿಕೊಂಡೇ ಇತ್ತು. ಅದರ ಮೊನೆಯಿಂದ ತೂತಿನ ಅಂಚನ್ನು ಇನ್ನೊಮ್ಮೆ ಕೆರೆದು, ಮುಚ್ಚಳವನ್ನು ಧಣಿಗಳ ಕೈಯಲ್ಲಿಟ್ಟರು.

"ನೋಡಿ ಧಣಿ. ಇಷ್ಟು ಸಣ್ಣ ತೂತು."

ಕೈಗೆ ಬಂದದ್ದನ್ನು ಧಣಿಗಳು ಅಭ್ಯಾಸದಂತೆ ಮೂಗಿಗೆ ಹಿಡಿದರು.

ಅವರ ಕೈ ಅಲ್ಲಿಯೇ ನಿಂತಿತು. ಮತ್ತೊಮ್ಮೆ ಮೂಸಿದರು. ಮುಚ್ಚಳವನ್ನು ತಿರುಗಿಸಿ ನೋಡಿ, ಬೆರಳಿನಿಂದ ಉಜ್ಜಿ, ಆ ಬೆರಳನ್ನೂ ಮೂಸಿದರು. ಸಂಕಪ್ಪ ಟಿಕೇಟಿನ ಚೀಲ ಹಿಡಿದುಕೊಂಡು ತಲೆಯೆತ್ತಿ ಶೆಡ್ಡಿನ ಮಾಡನ್ನು ನೋಡುತ್ತಿದ್ದ.

"ನಿನಗೆ ಗೊತ್ತಿತ್ತಾ?" ಎಂದು ಧಣಿಗಳು ಇವರನ್ನು ಕೇಳಿದರು.

"ದಾರಿಯಲ್ಲಿ ಗೊತ್ತಾಯ್ತು."

"ಮತ್ತೆ ಕೊಳೆ ಅಂದದ್ದು?"

ಧಣಿಗಳು ಮುಚ್ಚಳವನ್ನು ತಾವೇ ತಮ್ಮ ಶಾಲಿನ ತುದಿಯಲ್ಲಿ ಒರಸಿ ಇವರ ಕೈಗೆ ಕೊಟ್ಟರು. ಎದ್ದು ನಿಂತು ಕೇಳಿದರು, "ನಾಳೆ ಬೆಳಗ್ಗಿನ ಬಸ್ಸಿಗೆ ಯಾರು?"

"ನಾನೇ ಧಣಿ."

"ಹೂಂ" ಎಂದು ಮನೆಯ ಕಡೆ ನಡೆದರು. ಪ್ರಶ್ನೆ ಕೇಳಲಿಕ್ಕೆ ಎಲ್ಲಿಗೂ ಹೋಗಲಿಲ್ಲ. ಕಾಲಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ತಪ್ಪಾಯಿತು ಎಂದೂ ಹೇಳಲಿಲ್ಲ. ಇವರು ಅದನ್ನು ಕಾದವರೂ ಅಲ್ಲ. ಮನೆಗೆ ಬರುವ ದಾರಿಯಲ್ಲಿ ಮೂಸಬ್ಬ ನನ್ನ ಪಿನ್ನನ್ನು ಹಿಂದೆ ಕೊಡುತ್ತಾ, "ನಾನು ಗಂಧ ಅಂತ ಹೇಳಲಿಲ್ಲ ಜಲಜಕ್ಕ, ನೀವೇ ಸಾಕ್ಷಿ" ಎಂದರು.

ಮರುವರ್ಷದ ಆಯುಧ ಪೂಜೆಗೆ ಧಣಿಗಳು ಗಂಧದ ಬಟ್ಟಲು ಹಿಡಿದು ಬಸ್ಸಿನ ಮುಂದೆ ನಿಂತು, "ಎಲ್ಲೆಲ್ಲಿ ಇಡಬಹುದು, ನೀನೇ ಹೇಳು ಚಿನ್ನಯ್ಯ" ಎಂದರು. ಇವರು ಒಂದೊಂದೇ ತೋರಿಸಿದರು. ದೀಪಗಳು, ಇಂಜಿನು, ಸ್ಟೇರಿಂಗು. ಕಾಲಡಿಯ ಹಲಗೆ ಎತ್ತಿದಾಗ, "ಇಲ್ಲಿಗೆ ಹೂವು ಸಾಕು ಧಣಿ" ಎಂದರು. ಧಣಿಗಳು ಹೂವು ಇಟ್ಟು ಕೈ ಮುಗಿದರು. ಅವರು ಬದುಕಿದ್ದಷ್ಟು ಕಾಲ ಹಾಗೆಯೇ ನಡೆಯಿತು.

ಆಮೇಲೂ ಕೆಲವು ವರ್ಷ ಇವರು ಅದೇ ಬಸ್ಸು ಓಡಿಸಿದರು. ಅರವತ್ತನಾಲ್ಕರಲ್ಲಿ ಕಾಲು ನಿಜವಾಗಿಯೂ ಸೋತಿತು, ಇವರೇ ಹೋಗಿ ಧಣಿಗಳಿಗೆ ಬೀಗದ ಕೈ ಕೊಟ್ಟು ಬಂದರು. ಯಾರೂ ಇಳಿಸಲಿಲ್ಲ.

ಆದರೆ ಅಂದಿನ ಟ್ರಿಪ್ಪಿನಲ್ಲಿ ಕಲಿತದ್ದು ಹೋಗಲಿಲ್ಲ. ಮನೆಯಲ್ಲಿ ಜಗಲಿಯ ಅಂಚಿಗೆ ಕೂತಾಗಲೂ ಅವರ ಬಲಗಾಲು ನೆಲದಿಂದ ಒಂದಿಷ್ಟು ಮೇಲೆಯೇ ಇರುತ್ತಿತ್ತು, ಯಾರೋ ನೋಡುತ್ತಿದ್ದಾರೆ ಎನ್ನುವ ಹಾಗೆ. ನಾನು ಬೀಡಿ ಕಟ್ಟುತ್ತಾ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ನಡುಗಲು ಶುರುವಾಗುತ್ತಿತ್ತು.

"ಕಾಲು ಇಳಿಸಿ" ಎನ್ನುತ್ತಿದ್ದೆ.

"ಇಳಿಸಿದ್ದೇನಲ್ಲ" ಎನ್ನುತ್ತಿದ್ದರು.

ನಾನು ಮೊರ ಬದಿಗಿಟ್ಟು, ಕೈಯಿಂದ ಹಿಡಿದು ಮೆಲ್ಲಗೆ ನೆಲಕ್ಕೆ ಮುಟ್ಟಿಸುತ್ತಿದ್ದೆ.